ಮೊದಲು ಬಿಡುಗಡೆ, ಆಮೇಲೆ ಲೆಕ್ಕ

ಉಜ್ಜೀವನ ಕೂಟಗಳ ಕೊನೆಯ ಹತ್ತು ನಿಮಿಷ ಹೇಗಿರುತ್ತದೆ ಎಂದು ಹೋದವರಿಗೆ ಗೊತ್ತು. ಪ್ರಸಂಗ ಮುಗಿದಿದೆ, ಹಿಂದೆ ಕೀಬೋರ್ಡ್ ಮೆಲ್ಲಗೆ ನುಡಿಯುತ್ತಿದೆ, ಎಲ್ಲರೂ ಕಣ್ಣು ಮುಚ್ಚಿ ತಲೆ ಬಾಗಿಸಿದ್ದಾರೆ. "ಇವತ್ತೇ ರಕ್ಷಣೆ ಬೇಕು ಅನ್ನುವವರು ಕೈ ಎತ್ತಿ." ಎತ್ತಿದವರು ಮುಂದೆ ಬರುತ್ತಾರೆ, ಬೋಧಕರು ಹೇಳಿಕೊಟ್ಟ ಸಣ್ಣ ಪ್ರಾರ್ಥನೆಯನ್ನು ಹಿಂದಿನಿಂದ ಹೇಳುತ್ತಾರೆ, ಹೆಸರು ಫೋನ್ ನಂಬರ್ ಬರೆದುಕೊಡುತ್ತಾರೆ. ಮುಂದೆ ಸಾಕ್ಷಿ ಹೇಳಲು ನಿಂತಾಗಲೆಲ್ಲ ಆ ತಾರೀಖು ಬಂದೇ ಬರುತ್ತದೆ: ಇಂಥ ವರ್ಷ, ಇಂಥ ತಿಂಗಳು ನಾನು ರಕ್ಷಣೆ ಹೊಂದಿದೆ. ಇತ್ತ ಕೂಸಾಗಿದ್ದಾಗಲೇ ದೀಕ್ಷಾಸ್ನಾನವಾಗಿ, ಹರೆಯಕ್ಕೆ ಬರುವಾಗ ದೃಢೀಕರಣವಾಗಿ, ಭಾನುವಾರ ತಪ್ಪದೆ ಆರಾಧನೆಗೆ ಹೋಗುವವರಿಗೆ "ನೀವು ರಕ್ಷಣೆ ಹೊಂದಿದ್ದೀರಾ?" ಎಂದು ಯಾರಾದರೂ ಕೇಳಿಬಿಟ್ಟರೆ ಮುಜುಗರ. "ನಾವು ಅಜ್ಜನ ಕಾಲದಿಂದ ಕ್ರೈಸ್ತರು" ಎಂಬ ಮಾತು ಬಾಯಿಗೆ ಬರುತ್ತದೆ. ಕೇಳಿದ್ದೇ ಒಂದು, ಹೇಳಿದ್ದೇ ಒಂದು ಎಂಬುದೂ ಒಳಗೊಳಗೇ ತಿಳಿದಿರುತ್ತದೆ.

ತಾರೀಖಿನ ಉತ್ತರ, ಅಜ್ಜನ ಉತ್ತರ, ಎರಡನ್ನೂ ಇಟ್ಟುಕೊಂಡು ಹೊಸ ಒಡಂಬಡಿಕೆ ತೆರೆದರೆ ಎರಡಕ್ಕೂ ಅಲ್ಲಿ ಸರಿಯಾದ ಜಾಗ ಸಿಗುವುದಿಲ್ಲ. ರೋಮಾಪುರದವರಿಗೆ ಪೌಲ ಬರೆದ ಪತ್ರವನ್ನೇ ನೋಡಿ. 8:24ರಲ್ಲಿ, ಅಂದರೆ 8ನೆಯ ಅಧ್ಯಾಯದ 24ನೆಯ ವಚನದಲ್ಲಿ, ರಕ್ಷಣೆ ಆಗಿಹೋಗಿದೆ, ಆದರೆ ನಿರೀಕ್ಷೆಯ ಲೆಕ್ಕದಲ್ಲಿ. 5:9ರಲ್ಲಿ ಅದು ಇನ್ನು ಮುಂದೆ ಆಗಬೇಕಾದದ್ದು. 13:11ರಲ್ಲಿ, ನಾವು ನಂಬಿದ ದಿನಕ್ಕಿಂತ ಈಗ ಅದು ಹತ್ತಿರ ಬಂದಿದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 1:18ಕ್ಕೆ ಹೋದರೆ ಅದೇ ಪೌಲ ರಕ್ಷಣೆಯ ದಾರಿಯಲ್ಲಿ ಇನ್ನೂ ನಡೆಯುತ್ತಿರುವವರ ಮಾತಾಡುತ್ತಾನೆ. ಕೈ ಎತ್ತಿದ ರಾತ್ರಿಯೇ ಎಲ್ಲ ಮುಗಿಯಿತು ಎಂದಾದರೆ ದಿನ ಕಳೆದಂತೆ ಹತ್ತಿರವಾಗುವುದೇನು? ಹುಟ್ಟಿನಿಂದಲೇ ಬಂದಿದೆ ಎಂದಾದರೆ ನಂಬಿದ ದಿನ ಎಂಬ ಮಾತಾದರೂ ಯಾಕೆ? ಈ ಮೂರು ಕಾಲಗಳಲ್ಲಿ ಒಂದನ್ನು ಹಿಡಿದು ಉಳಿದೆರಡನ್ನು ಕೈಬಿಟ್ಟಾಗಲೇ ನಮ್ಮ ಸಭೆಗಳ ಅರ್ಧ ಜಗಳ ಹುಟ್ಟುತ್ತದೆ. ಆದರೆ ಕಾಲಕ್ಕಿಂತ ಮುಖ್ಯವಾದದ್ದು ಕ್ರಮ. ಯಾವುದರ ಹಿಂದೆ ಯಾವುದು ಬರುತ್ತದೆ ಎಂಬುದರಲ್ಲಿ ಪವಿತ್ರಗ್ರಂಥಕ್ಕೆ ವಿಚಿತ್ರವಾದ ಹಟವಿದೆ.

ಸಮುದ್ರ ದಾಟಿದ ಮೇಲೆ ಕಟ್ಟಳೆ

ಕ್ರಮ ಶುರುವಾಗುವುದು ವಿಮೋಚನಕಾಂಡದಲ್ಲಿ, ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಫರೋಹ ಎಂಬ ಅರಸನಿಗೆ ದಾಸರಾಗಿದ್ದ ಇಸ್ರಾಯೇಲ್ಯರು ಬಿಡುಗಡೆಯಾದ ಕಥೆಯಲ್ಲಿ. 12ನೆಯ ಅಧ್ಯಾಯದ ಸೂಚನೆಗಳು ಅಡುಗೆಮನೆಗೆ ಕೊಟ್ಟ ಸೂಚನೆಗಳಂತೆ ಖಚಿತ. ತಿಂಗಳ ಹತ್ತನೆಯ ದಿನ ಕುರಿಮರಿಯನ್ನು ಆರಿಸಬೇಕು, ಹದಿನಾಲ್ಕರ ಸಂಜೆ ಕೊಯ್ಯಬೇಕು. ಒಂದು ಮರಿ ತಿಂದು ಮುಗಿಸುವಷ್ಟು ಜನ ಮನೆಯಲ್ಲಿ ಇಲ್ಲದಿದ್ದರೆ ನೆರೆಮನೆಯವರನ್ನು ಸೇರಿಸಿಕೊಳ್ಳಬೇಕು. ಹಿಸ್ಸೋಪ್ ಗಿಡದ ಕಂತೆಯಿಂದ ರಕ್ತವನ್ನು ಬಾಗಿಲ ಎರಡು ನಿಲುವುಗಳಿಗೂ ಮೇಲಿನ ಪಟ್ಟಿಗೂ ಹಚ್ಚಬೇಕು, ಆ ಗುರುತಿದ್ದ ಮನೆಯನ್ನು ಸಾವು ದಾಟಿಹೋಗುತ್ತದೆ. ಹುಳಿ ಹಾಕದ ರೊಟ್ಟಿ, ಕಹಿ ಸೊಪ್ಪು. ನಡು ಕಟ್ಟಿ, ಕೆರ ಮೆಟ್ಟಿ, ಕೈಯಲ್ಲಿ ಕೋಲು ಹಿಡಿದೇ ಊಟ. ಬೆಳಗಿನವರೆಗೆ ಏನೂ ಉಳಿಯಬಾರದು. ಇಷ್ಟೆಲ್ಲ ಹೇಳಿದ ದೇವರು ಆ ರಾತ್ರಿ ಯಾರ ನಡತೆಯನ್ನೂ ವಿಚಾರಿಸುವುದಿಲ್ಲ. ನೀನು ಕದ್ದಿದ್ದೀಯಾ, ಸುಳ್ಳು ಹೇಳಿದ್ದೀಯಾ, ವಿಗ್ರಹಕ್ಕೆ ಕೈ ಮುಗಿದಿದ್ದೀಯಾ ಎಂಬ ಪ್ರಶ್ನೆ ಇಲ್ಲ. 14ನೆಯ ಅಧ್ಯಾಯದಲ್ಲಿ ಹಿಂದೆ ಫರೋಹನ ರಥ, ಮುಂದೆ ಸಮುದ್ರ. ಜನರ ಮುಂದಾಳು ಮೋಶೆ ಹೇಳುವುದು ಇಷ್ಟೇ: ಸುಮ್ಮನೆ ನಿಂತು ಯೆಹೋವನು ಮಾಡುವ ರಕ್ಷಣೆಯನ್ನು ನೋಡಿರಿ.

ಹತ್ತು ಆಜ್ಞೆಗಳು ಬರುವುದು 20ನೆಯ ಅಧ್ಯಾಯದಲ್ಲಿ, ಐಗುಪ್ತ ಬಿಟ್ಟು ಮೂರನೆಯ ತಿಂಗಳು ಸೀನಾಯಿ ಬೆಟ್ಟ ಮುಟ್ಟಿದ ಮೇಲೆ. ಆಜ್ಞೆಗಳ ಮೊದಲ ವಾಕ್ಯ ಆಜ್ಞೆಯೇ ಅಲ್ಲ, ನಡೆದುಹೋದದ್ದರ ನೆನಪು: ನಿಮ್ಮನ್ನು ದಾಸತ್ವದ ಮನೆಯಿಂದ ಹೊರಗೆ ತಂದ ದೇವರು ನಾನು. ಇದನ್ನು ತಿರುವಿ ಹಾಕಿ ನೋಡಿ. ಸೀನಾಯಿಯ ಪಟ್ಟಿ ಐಗುಪ್ತದಲ್ಲೇ ಬಂದು, "ಇಷ್ಟು ಪಾಲಿಸಿದವರನ್ನು ಮಾತ್ರ ಸಮುದ್ರ ದಾಟಿಸುತ್ತೇನೆ" ಎಂದಿದ್ದರೆ ಅದು ಫರೋಹ ದಾಸರ ಮೇಲೆ ಹೊರಿಸಿದ್ದ ಇಟ್ಟಿಗೆ ಲೆಕ್ಕದಂಥದೇ ಇನ್ನೊಂದು ಲೆಕ್ಕವಾಗುತ್ತಿತ್ತು. ಹಾಗೆಂದು ಸಮುದ್ರದ ದಡದಲ್ಲೇ ಕಥೆ ನಿಲ್ಲುವುದಿಲ್ಲ. 15ರಲ್ಲಿ ಮೋಶೆಯ ಅಕ್ಕ ಮಿರ್ಯಾಮಳ ದಮ್ಮಡಿ ಮೊಳಗಿ ಹಾಡು ಮುಗಿದು ಮೂರು ದಿನ ಆಗಿರುತ್ತದೆ, ಕುಡಿಯಲು ನೀರಿಲ್ಲವೆಂದು ಗೊಣಗಾಟ ಶುರು. ಬಿಡುಗಡೆಯಾದವರಿಗೆ ಬಿಡುಗಡೆಯಾದವರಂತೆ ಬದುಕಲು ಗೊತ್ತಿರಲಿಲ್ಲ. ಕಟ್ಟಳೆ ಬೇಕಾದದ್ದು ಅದಕ್ಕೆ.

ಇನ್ನೊಂದು ಮಾತು. ಈ ಕಥೆಯಲ್ಲಿ ಸತ್ತ ಮೇಲಿನ ಸುದ್ದಿಯೇ ಇಲ್ಲ. ಹಳೆಯ ಒಡಂಬಡಿಕೆಯಲ್ಲಿ ಸತ್ತವರು ಎದ್ದು ಬರುವ ಮಾತು ನಿಚ್ಚಳವಾಗಿ ಕೇಳುವುದು ದಾನಿಯೇಲ 12:2ರಂಥ ಬೆರಳೆಣಿಕೆಯ ಕಡೆಗಳಲ್ಲಿ. ಉಳಿದಂತೆ ರಕ್ಷಣೆ ಎಂದರೆ ಯುದ್ಧದಿಂದ, ಸಾಲದಿಂದ, ರೋಗದಿಂದ, ದಾಸತ್ವದಿಂದ, ಕೀರ್ತನೆ 107ರಲ್ಲಿ ಬಿರುಗಾಳಿಯಿಂದ. ಹೊಸ ಒಡಂಬಡಿಕೆಯೂ ಇದನ್ನು ಬಿಟ್ಟುಕೊಟ್ಟಿಲ್ಲ. ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯದಲ್ಲಿ ಹದಿನಾಲ್ಕು ರಾತ್ರಿ ಅಲೆಗೆ ಸಿಕ್ಕಿದ ಹಡಗಿನಿಂದ 276 ಜನ ಈಜಿಯೋ ಹಲಗೆ ಹಿಡಿದೋ ದಡ ಸೇರುವುದನ್ನು ಲೂಕ ಎಣಿಸಿ ಬರೆಯುತ್ತಾನೆ. ಅವರಲ್ಲಿ ಬಹುಪಾಲು ಜನ ಪೌಲನ ದೇವರನ್ನು ಆ ಮೊದಲು ಕೇಳಿಯೂ ಇರಲಿಕ್ಕಿಲ್ಲ.

ಜಕ್ಕಾಯನ ಗಣಿತ

ಲೂಕ 18, 19ನೆಯ ಅಧ್ಯಾಯಗಳನ್ನು ಒಂದೇ ಓದಿಗೆ ಓದಬೇಕು. ಪ್ರಸಂಗಗಳಲ್ಲಿ ಬಿಡಿಬಿಡಿಯಾಗಿ ಬರುವ ಮೂವರು ಇಲ್ಲಿ ಸಾಲಾಗಿ ನಿಂತಿದ್ದಾರೆ. ಮೊದಲು ಧರ್ಮನಿಷ್ಠನಾದ ಶ್ರೀಮಂತ ಅಧಿಕಾರಿ. ಚಿಕ್ಕಂದಿನಿಂದ ಆಜ್ಞೆಗಳನ್ನು ಪಾಲಿಸಿದವನು. ಎಲ್ಲವನ್ನೂ ಮಾರಿ ಬಡವರಿಗೆ ಕೊಡು ಎಂದಾಗ ಮುಖ ಬಾಡಿಸಿಕೊಳ್ಳುತ್ತಾನೆ. ಕೇಳಿದವರಿಗೆ ಗಾಬರಿ: ಹಾಗಾದರೆ ಯಾರಿಗೆ ತಾನೇ ರಕ್ಷಣೆ? ಮನುಷ್ಯರಿಂದ ಆಗದ್ದು ದೇವರಿಂದ ಆಗುತ್ತದೆ ಎಂದು ಉತ್ತರ. ಆಮೇಲೆ ಯೆರಿಕೋವಿನ ದಾರಿಬದಿಯ ಕುರುಡ ಭಿಕ್ಷುಕ. ಅವನ ಹತ್ತಿರ ಮಾರಲು ಏನೂ ಇಲ್ಲ, ಸುಮ್ಮನಿರು ಎಂದು ಗದರಿಸಿದರೂ ಕೂಗುವುದನ್ನು ಬಿಡುವುದಿಲ್ಲ. ನಿನ್ನ ನಂಬಿಕೆಯೇ ನಿನ್ನನ್ನು ರಕ್ಷಿಸಿತು ಎಂಬ ಮಾತು ಅವನಿಗೆ ಸಿಗುತ್ತದೆ. ಈ ಮಾತನ್ನು ಲೂಕನ ಸುವಾರ್ತೆಯಲ್ಲಿ ಯೇಸು ನಾಲ್ಕು ಜನರಿಗೆ ಹೇಳುತ್ತಾನೆ: ಫರಿಸಾಯನ ಮನೆಗೆ ನುಗ್ಗಿದ ಪಾಪಿ ಹೆಂಗಸು, ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದವಳು, ಹತ್ತು ಕುಷ್ಠರೋಗಿಗಳಲ್ಲಿ ತಿರುಗಿ ಬಂದ ಒಬ್ಬ ಸಮಾರ್ಯದವನು, ಈ ಕುರುಡ. ನಾಲ್ವರಲ್ಲಿ ಒಬ್ಬರೂ ಗುಡಿಯ ಮುಂದಿನ ಸಾಲಿನಲ್ಲಿ ಕೂರುವವರಲ್ಲ.

ಮೂರನೆಯವನು ಜಕ್ಕಾಯ. ಯೆರಿಕೋ ಸುಂಕದ ಊರು. ಯೊರ್ದನಿನ ಆಚೆಯಿಂದ ಯೆರೂಸಲೇಮಿಗೆ ಹೋಗುವ ಸರಕು ಅಲ್ಲಿಂದಲೇ ಹಾಯಬೇಕು, ಊರಿನದೇ ಸುಗಂಧದ ತೈಲಕ್ಕೆ ದೂರದೂರ ಬೆಲೆ. ಸುಂಕ ವಸೂಲಿ ಗುತ್ತಿಗೆಯ ವ್ಯವಹಾರ. ಒಪ್ಪಿಕೊಂಡ ಮೊತ್ತವನ್ನು ಸರಕಾರಕ್ಕೆ ಕಟ್ಟಿದ ಮೇಲೆ ಹೆಚ್ಚಿಗೆ ಕಿತ್ತದ್ದೆಲ್ಲ ತನ್ನದು. ಇವನು ಆ ಸುಂಕದವರಿಗೆ ಮುಖ್ಯಸ್ಥ, ಅಂದರೆ ಕೈಕೆಳಗಿನವರ ಮೋಸದಲ್ಲೂ ಪಾಲು. ಗಿಡ್ಡ ಆಳು ಮರ ಹತ್ತಿದ್ದು ಭಾನುವಾರ ಶಾಲೆಯ ಮಕ್ಕಳಿಗೂ ಗೊತ್ತು. ಗಮನಿಸಬೇಕಾದ್ದು ಮುಂದಿನದು. ಯೇಸು ಮರದ ಕೆಳಗೆ ನಿಂತು, ಇಳಿದು ಬಾ, ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎನ್ನುತ್ತಾನೆ. ಪಶ್ಚಾತ್ತಾಪ ಪಡು ಎಂದಿಲ್ಲ, ಪ್ರಾರ್ಥನೆ ಹೇಳಿಸಿಲ್ಲ. ಊರವರು ಗೊಣಗುವುದೂ ಅದಕ್ಕೇ. ಊಟದ ಮನೆ ಮೊದಲು ಗೊತ್ತಾಯಿತು, ಲೆಕ್ಕದ ಮಾತು ಆಮೇಲೆ ಬಂತು. ಬಂದಾಗ ಅದು ಪೈಸೆಯಲ್ಲಿ ಬಂತು: ನನ್ನ ಆಸ್ತಿಯ ಅರ್ಧ ಬಡವರಿಗೆ, ಯಾರಿಂದ ಅನ್ಯಾಯವಾಗಿ ಕಿತ್ತುಕೊಂಡಿದ್ದೇನೋ ಅವರಿಗೆ ನಾಲ್ಕರಷ್ಟು.

ಈ ದರ ಎಲ್ಲಿಂದ ಬಂತು ಎಂದು ಕೇಳಿದರೆ ಕಥೆ ಬಿಚ್ಚಿಕೊಳ್ಳುತ್ತದೆ. ಮೋಸ ಮಾಡಿದವನು ತಪ್ಪೊಪ್ಪಿಕೊಂಡರೆ ಅಸಲು ಮತ್ತು ಅದರ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕು. ಯಾಜಕಕಾಂಡ 6ರಲ್ಲೂ ಅರಣ್ಯಕಾಂಡ 5:7ರಲ್ಲೂ ಇರುವುದು ಇದೇ ದರ. ಅಂದರೆ ನೂರಕ್ಕೆ ನೂರಿಪ್ಪತ್ತು. ಕಳ್ಳನಿಗಿರುವ ದರ ಬೇರೆ: ವಿಮೋಚನಕಾಂಡ 22:1ರ ಪ್ರಕಾರ ಕದ್ದ ಎತ್ತನ್ನು ಕೊಂದರೆ ಅಥವಾ ಮಾರಿದರೆ ಐದು ಎತ್ತು, ಕುರಿಗೆ ನಾಲ್ಕು ಕುರಿ. ಜಕ್ಕಾಯ ತಾನೇ ಎದ್ದು ನಿಂತು ಒಪ್ಪಿಕೊಂಡವನು, ನೂರಿಪ್ಪತ್ತಕ್ಕೆ ಕಾನೂನು ತೃಪ್ತಿಯಾಗುತ್ತಿತ್ತು. ಅವನು ತನಗೆ ಹಾಕಿಕೊಂಡದ್ದು ಕುರಿಗಳ್ಳನ ದಂಡ. ಇನ್ನು ಕೂಡಿಸಿ ನೋಡಿ. ಆಸ್ತಿ ನೂರು ಎಂದಿಟ್ಟುಕೊಂಡರೆ ಐವತ್ತು ಬಡವರಿಗೆ ಹೋಯಿತು. ಉಳಿದ ಐವತ್ತರಲ್ಲಿ ನಾಲ್ಕರಷ್ಟು ತೀರಿಸಬೇಕಾದರೆ ಕಿತ್ತದ್ದು ಹನ್ನೆರಡೂವರೆಗಿಂತ ಹೆಚ್ಚಿರುವ ಹಾಗಿಲ್ಲ. ಆಸ್ತಿಯ ಎಂಟನೆಯ ಒಂದು ಪಾಲಿಗಿಂತ ಜಾಸ್ತಿ ಮೋಸದ್ದಾಗಿದ್ದರೆ ಆ ಸಂಜೆಗೆ ಅವನು ದಿವಾಳಿ. ಊರು ಅವನ ಬಗ್ಗೆ ಅಂದುಕೊಂಡದ್ದು ಸುಳ್ಳಿರಬೇಕು, ಇಲ್ಲವೇ ಅವನು ಬೀದಿಗೆ ಬೀಳಲು ತಯಾರಾಗಿ ಮಾತಾಡಿರಬೇಕು. ಅವನು ಮೊದಲಿಂದಲೂ ಹೀಗೇ ಕೊಡುತ್ತಿದ್ದವನು, ಆ ದಿನ ಊರಿನ ಅಪವಾದಕ್ಕೆ ಉತ್ತರ ಹೇಳಿದ ಅಷ್ಟೇ ಎಂದು ಓದುವ ಪಂಡಿತರೂ ಇದ್ದಾರೆ. ನನಗೆ ಆ ಓದು ಒಪ್ಪಿಗೆಯಾಗುವುದಿಲ್ಲ. ಕಳೆದುಹೋದದ್ದನ್ನು ಹುಡುಕಲು ಬಂದೆ ಎಂಬ ಹತ್ತನೆಯ ವಚನ ಆಗ ಅಂತರದಲ್ಲಿ ನೇತಾಡುತ್ತದೆ.

ಇಷ್ಟೆಲ್ಲ ಆದ ಮೇಲೆ ಬರುತ್ತದೆ ಆ ಮಾತು: ಇವತ್ತು ಈ ಮನೆಗೆ ರಕ್ಷಣೆ ಆಯಿತು. ಮನೆಗೆ! ಹೆಂಡತಿ ಮಕ್ಕಳು ಆಳುಕಾಳು ಎಲ್ಲರ ತಟ್ಟೆಯ ಮೇಲೂ ಆ ಅರ್ಧ ಆಸ್ತಿಯ ಪರಿಣಾಮ ಕಾಣಲಿತ್ತು. ಇನ್ನೊಂದು ತಮಾಷೆ ನೋಡಿ. ಹಿಂದಿನ ಅಧ್ಯಾಯದ ಅಧಿಕಾರಿಗೆ ಎಲ್ಲವನ್ನೂ ಮಾರು ಎಂದ ಯೇಸು ಇಲ್ಲಿ ಉಳಿದರ್ಧ ಎಲ್ಲಿ ಎಂದು ಕೇಳುವುದಿಲ್ಲ. ರಕ್ಷಣೆಗೆ ನಿಗದಿ ದರ ಇದೆ ಎಂದುಕೊಂಡು ದಶಮಾಂಶದ ಪಟ್ಟಿ ಹಿಡಿದು ಕೂರುವ ಸಭೆಗಳಿಗೆ ಈ ಎರಡು ಅಧ್ಯಾಯಗಳು ಒಟ್ಟಿಗೆ ಸಿಗಬಾರದು. ಲೂಕ 23ರಲ್ಲಿ ಯೇಸುವಿನ ಪಕ್ಕದ ಶಿಲುಬೆಗೆ ಹಾಕಿದ ಕಳ್ಳನಿಗಂತೂ ಹಿಂದೆ ಕೊಡಲು ಕೈಯೂ ಬಿಡುವಿಲ್ಲ, ದಿನವೂ ಉಳಿದಿಲ್ಲ. ನನ್ನನ್ನು ನೆನಸಿಕೋ ಎಂದಷ್ಟೇ ಕೇಳಿದ, ಅಷ್ಟಕ್ಕೇ ಸಿಕ್ಕಿತು. ಆದರೆ ಜಕ್ಕಾಯನಿಗೆ ದಿನ ಉಳಿದಿತ್ತು. ದಿನ ಉಳಿದವರು ಶಿಲುಬೆಯ ಕಳ್ಳನನ್ನು ಉದಾಹರಣೆ ಕೊಡುವುದು ಕೇಳಿದಾಗೆಲ್ಲ ಕಿರಿಕಿರಿ.

ಆ ರಾತ್ರಿಯ ಅದೇ ಗಳಿಗೆಯಲ್ಲಿ

ನಾನೇನು ಮಾಡಬೇಕು ಎಂದು ಬಾಯಿಬಿಟ್ಟು ಕೇಳಿದವನು ಫಿಲಿಪ್ಪಿಯ ಸೆರೆಮನೆಯ ಅಧಿಕಾರಿ, ಅಪೊಸ್ತಲರ ಕೃತ್ಯಗಳು 16. "ಕರ್ತನಾದ ಯೇಸುವನ್ನು ನಂಬು, ನೀನೂ ನಿನ್ನ ಮನೆಯವರೂ ರಕ್ಷಣೆ ಹೊಂದುವಿರಿ" ಎಂಬ ಉತ್ತರ ಗೋಡೆಬರಹದಲ್ಲಿ, ಕ್ಯಾಲೆಂಡರಿನಲ್ಲಿ, ಆಟೋದ ಹಿಂದೆ ಕಾಣುತ್ತದೆ. ಕತ್ತರಿಸಿ ತೆಗೆದ ವಚನ ಅದು. ಅದರ ಹಿಂದುಮುಂದು ಇಷ್ಟು: ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ಬಟ್ಟೆ ಕಿತ್ತು ಕೋಲುಗಳಿಂದ ಹೊಡೆಸಿದ್ದಾರೆ, ಒಳಗಿನ ಕೋಣೆಯಲ್ಲಿ ಕಾಲಿಗೆ ಕೋಳ ಹಾಕಿದವನು ಇದೇ ಅಧಿಕಾರಿ. ಮಧ್ಯರಾತ್ರಿ ಭೂಕಂಪ, ಬಾಗಿಲು ತೆರೆದಿವೆ. ಅವನು ಕತ್ತಿ ಹಿರಿದು ತನ್ನನ್ನೇ ಕೊಂದುಕೊಳ್ಳಲು ಹೊರಡುತ್ತಾನೆ. ಕಾವಲಿನವನು ಕೈದಿಯನ್ನು ಕಳೆದುಕೊಂಡರೆ ಗತಿ ಏನು ಎಂಬುದು 12:19ರಲ್ಲಿದೆ, ಪೇತ್ರ ತಪ್ಪಿಸಿಕೊಂಡಾಗ ಹೆರೋದ ಕಾವಲುಗಾರರನ್ನು ಕೊಲ್ಲಿಸಿದ. "ಏನೂ ಮಾಡಿಕೊಳ್ಳಬೇಡ, ನಾವೆಲ್ಲ ಇಲ್ಲೇ ಇದ್ದೇವೆ" ಎಂದು ಪೌಲ ಕೂಗುವಾಗ ಅವನ ಜೀವ ಒಮ್ಮೆ ಉಳಿದಾಯಿತು. ಅವನು ಕೇಳುವುದು ಆಮೇಲೆ. ಶಿಕ್ಷೆಯ ಭಯವೊಂದೇ ಆಗಿದ್ದರೆ ಬಾಗಿಲು ಹಾಕಿ ಮಲಗಬಹುದಿತ್ತು.

ಉತ್ತರ ಕೊಟ್ಟ 31ನೆಯ ವಚನಕ್ಕೆ ನಿಲ್ಲಿಸುವವರಿಗೆ ತಪ್ಪಿಹೋಗುವುದು 33. ಆ ರಾತ್ರಿಯ ಅದೇ ಗಳಿಗೆಯಲ್ಲಿ ಅವನು ಅವರ ಗಾಯ ತೊಳೆಯುತ್ತಾನೆ. ಆಮೇಲೆ ದೀಕ್ಷಾಸ್ನಾನ, ಆಮೇಲೆ ಮನೆಗೆ ಕರೆದು ಊಟ. ಅವನು ಅವರ ಗಾಯ ತೊಳೆದ, ಅವನ ಪಾಪ ತೊಳೆದುಹೋಯಿತು ಎಂದು ನಾಲ್ಕನೆಯ ಶತಮಾನದ ಯೋಹಾನ ಕ್ರಿಸೊಸ್ತೊಮ್ ಪ್ರಸಂಗದಲ್ಲಿ ಹೇಳಿದ್ದು ಇದನ್ನೇ ಕಂಡು. ಮನೆಯವರೆಲ್ಲ ಎಂದರೆ ಕೂಸುಗಳೂ ಸೇರಿಯೇ ಎಂಬ ಜಗಳ ಬೇರೆ ಇದೆ, ಎರಡೂ ಕಡೆಯವರು ಇದೇ ವಚನ ತೋರಿಸುತ್ತಾರೆ, ಅದು ಇಲ್ಲಿ ಬೇಡ. ನನಗೆ ಹೆಚ್ಚು ಚುಚ್ಚುವುದು ಅಧ್ಯಾಯದ ಮೊದಲರ್ಧದ ಹುಡುಗಿ. ಕಣಿ ಹೇಳಿ ಯಜಮಾನರಿಗೆ ದುಡ್ಡು ಮಾಡಿಕೊಡುತ್ತಿದ್ದ ದಾಸಿ. "ಇವರು ರಕ್ಷಣೆಯ ಮಾರ್ಗ ಸಾರುತ್ತಾರೆ" ಎಂದು ಅನೇಕ ದಿನ ಬೀದಿಯಲ್ಲಿ ಕೂಗಿದವಳೇ ಅವಳು. ಪೌಲ ಗದರಿಸಿದಾಗ ದೆವ್ವ ಬಿಟ್ಟಿತು, ಸಂಪಾದನೆ ನಿಂತಿತು, ಯಜಮಾನರು ಪೌಲನನ್ನು ಹಿಡಿಸಿದರು. ಅವಳು ಏನಾದಳು? ಲೂಕ ಅವಳನ್ನು ಅಲ್ಲಿಗೇ ಬಿಟ್ಟುಬಿಡುತ್ತಾನೆ. ಅಧಿಕಾರಿಯ ಮನೆಯ ಊಟದ ಬಗ್ಗೆ ಪ್ರಸಂಗ ಮಾಡುವವರು ಅವಳ ಹೆಸರಿಲ್ಲದ್ದನ್ನಾದರೂ ಒಮ್ಮೆ ಹೇಳಬಹುದು.

ಒಂದೇ ಅಬ್ರಹಾಮ, ಎರಡು ಅಧ್ಯಾಯ

ಎಫೆಸದವರಿಗೆ 2:8–9 ಬಾಯಿಪಾಠ ಇಲ್ಲದವರಿಲ್ಲ: ಕೃಪೆಯಿಂದಲೇ, ನಂಬಿಕೆಯ ಮೂಲಕ, ಕ್ರಿಯೆಗಳಿಂದಲ್ಲ. ಹತ್ತನೆಯ ವಚನ ಬಾಯಿಪಾಠ ಇರುವವರು ಕಡಿಮೆ. ನಾವು ಸತ್ಕ್ರಿಯೆಗಳಿಗಾಗಿಯೇ ನಿರ್ಮಿತರು ಎಂದು ಅದೇ ಉಸಿರಿನಲ್ಲಿ ಅದು ಹೇಳುತ್ತದೆ. ಕ್ರಿಯೆಯಿಂದ ಅಲ್ಲ, ಕ್ರಿಯೆಗಾಗಿ. ಯಾಕೋಬನ ಪತ್ರ ಮತ್ತು ಪೌಲ ಎದುರುಬದುರಾಗಿದ್ದಾರೆ ಎಂಬ ಹಳೆಯ ದೂರಿಗೂ ಕ್ರಮವೇ ಮದ್ದು. ನಂಬಿಕೆ ಮಾತ್ರದಿಂದ ಎಂಬ ಜೋಡಿ ಹೊಸ ಒಡಂಬಡಿಕೆಯಲ್ಲಿ ಬರುವುದೇ ಒಮ್ಮೆ, ಯಾಕೋಬ 2:24ರಲ್ಲಿ, ಅದೂ ಅಲ್ಲಗಳೆಯಲಿಕ್ಕೆ. ನಂಬಿಕೆ ಮಾತ್ರದಿಂದಲೇ ಎಂದು ಸಾರಿದ ಸುಧಾರಕ ಲೂಥರ್ 1522ರಲ್ಲಿ ಈ ಪತ್ರವನ್ನು ಹುಲ್ಲಿನ ಪತ್ರ ಎಂದು ಹೀಗಳೆದದ್ದು ಅದಕ್ಕೇ. ಆದರೆ ಇಬ್ಬರೂ ಅಬ್ರಹಾಮನ ಜೀವನದ ಯಾವ ಗಳಿಗೆಯನ್ನು ತೋರಿಸುತ್ತಾರೆ ನೋಡಿ. ಪೌಲನ ಬೆರಳು ಆದಿಕಾಂಡ 15ರ ಮೇಲೆ: ಅಬ್ರಹಾಮ ನಂಬಿದ, ಅದು ನೀತಿಯೆಂದು ಎಣಿಕೆಯಾಯಿತು. ಯಾಕೋಬ ಅದೇ ವಚನವನ್ನು ಎತ್ತಿಕೊಂಡು 22ಕ್ಕೆ ಹೋಗುತ್ತಾನೆ, ಇಸಾಕನನ್ನು ಯಜ್ಞವೇದಿಗೆ ಏರಿಸಿದ ದಿನಕ್ಕೆ. ಇಷ್ಮಾಯೇಲ ಹುಟ್ಟುವಾಗ ಅಬ್ರಹಾಮನಿಗೆ 86, ಇಸಾಕ ಹುಟ್ಟುವಾಗ 100. ಅಂದರೆ ಆ ಎರಡು ಅಧ್ಯಾಯಗಳ ನಡುವೆ ಹದಿನಾಲ್ಕಕ್ಕಿಂತ ಹೆಚ್ಚು ವರ್ಷ. ಒಬ್ಬ ಮೊದಲ ದಿನದ ಬಗ್ಗೆ ಹೇಳುತ್ತಿದ್ದಾನೆ, ಇನ್ನೊಬ್ಬ ಆ ವರ್ಷಗಳ ಬಗ್ಗೆ. ಈ ಜಗಳಕ್ಕೆ ಯೂರೋಪು ಹರಿದು ಹೋಳಾಯಿತು. ಆಗ್ಸ್‌ಬರ್ಗಿನಲ್ಲಿ ಲೂಥರನ್ನರೂ ಕಥೋಲಿಕರೂ ಮೂಲಭೂತ ವಿಷಯಗಳಲ್ಲಿ ನಮಗೆ ಭೇದವಿಲ್ಲ ಎಂದು ಜಂಟಿ ಘೋಷಣೆಗೆ ಸಹಿ ಹಾಕಿದ್ದು 1999ರ ಅಕ್ಟೋಬರ್ 31ಕ್ಕೆ. 2006ರಲ್ಲಿ ಮೆಥಡಿಸ್ಟರು ಸೇರಿದರು, 2017ರಲ್ಲಿ ರಿಫಾರ್ಮ್ಡ್ ಸಭೆಗಳು. ನಮ್ಮ ಊರುಗಳ ಎಷ್ಟು ಉಪದೇಶಪೀಠಗಳಿಗೆ ಈ ಸುದ್ದಿ ಮುಟ್ಟಿದೆಯೋ.

ಶಿಲುಬೆಯ ಮೇಲಿನ ಮರಣ ರಕ್ಷಣೆಯನ್ನು ಹೇಗೆ ತಂದಿತು ಎಂಬುದಕ್ಕೂ ಒಂದೇ ಉತ್ತರ ಇಲ್ಲ. ಮಾರ್ಕ 10:45ರಲ್ಲಿ ಈಡು, ಇಬ್ರಿಯರಿಗೆ 9ರಲ್ಲಿ ಬಲಿ, ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಸಮಾಧಾನ, ಕೊಲೊಸ್ಸೆಯವರಿಗೆ 2:15ರಲ್ಲಿ ದುಷ್ಟ ಅಧಿಕಾರಗಳ ಮೇಲೆ ಜಯ, ಗಲಾತ್ಯದವರಿಗೆ 4:5ರಲ್ಲಿ ದತ್ತು. ಕ್ರಿಸ್ತ ಯಾರು ಎಂಬುದನ್ನು 325ರ ನಿಕೇಯದ ಮಹಾಸಭೆಯಿಂದ 451ರ ಕಲ್ಸೆದೋನಿನ ಮಹಾಸಭೆಯವರೆಗೆ ಅಕ್ಷರ ಅಕ್ಷರಕ್ಕೆ ಜಗಳಾಡಿ ತೀರ್ಮಾನಿಸಿದ ಸಭಾಪಿತೃಗಳು ಇದನ್ನು ತೀರ್ಮಾನಿಸಲೇ ಇಲ್ಲ. ನಮ್ಮ ರಕ್ಷಣೆಗೋಸ್ಕರ ಇಳಿದು ಬಂದನು ಎಂದಷ್ಟೇ ವಿಶ್ವಾಸಪ್ರಮಾಣದಲ್ಲಿ ಇಟ್ಟು ಸುಮ್ಮನಾದರು. ಒಳ್ಳೆಯದೇ ಆಯಿತು.

ಜೆಪ್ಪುವಿನ ಹೆಂಚು

ಕ್ರಮ ತಪ್ಪಿದರೆ ಏನಾಗುತ್ತದೆ, ಪಾಲಿಸಿದರೆ ಎಷ್ಟು ಖರ್ಚಾಗುತ್ತದೆ ಎಂಬುದಕ್ಕೆ ನಮ್ಮ ಕರಾವಳಿಯೇ ಸಾಕ್ಷಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಆತ್ಮದ ರಕ್ಷಣೆ ಸಾರಲು ಬಂದವರು. ದೀಕ್ಷಾಸ್ನಾನ ತೆಗೆದುಕೊಂಡವನಿಗೆ ಮರುದಿನ ಬೆಳಿಗ್ಗೆ ಮನೆಯಿಲ್ಲ, ಕುಟುಂಬದ ಗದ್ದೆಯಲ್ಲಿ ಪಾಲಿಲ್ಲ, ಕಳ್ಳು ಇಳಿಸುತ್ತಿದ್ದವನಾದರೆ ಆ ಕಸುಬೂ ಇಲ್ಲ. ಮತಾಂತರವಾದವರ ಪಿತ್ರಾರ್ಜಿತದ ಹಕ್ಕು ಹೋಗದು ಎಂಬ 1850ರ ಕಾನೂನು ಕಾಗದದ ಮೇಲಿತ್ತು. ಕಾಗದ ಹಿಡಿದು ಕುಟುಂಬದ ಮನೆಗೆ ಹೋಗುವ ಧೈರ್ಯ ಎಷ್ಟು ಜನಕ್ಕೆ? ಹೀಗೆ ಸುವಾರ್ತೆಯವರು 1851ರಲ್ಲಿ ನೇಯ್ಗೆಗೆ ಇಳಿದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಆ ಮನೆಗೆ ರಕ್ಷಣೆ ಎಂದ ಮೇಲೆ ಆ ಮನೆಯ ಮಧ್ಯಾಹ್ನದ ಅನ್ನವೂ ಅದರ ಲೆಕ್ಕಕ್ಕೆ ಬರುತ್ತದೆ ಎಂದು ಅವರಿಗೆ ಊರು ಕಲಿಸಿತು. ಅದರ ತೊಡಕೂ ಅಲ್ಲೇ ಹುಟ್ಟಿತು. ಸಭೆಯ ಶಿಸ್ತು ನೋಡುವ ಕೈ, ಸಂಬಳ ಕೊಡುವ ಕೈ ಒಂದೇ ಆದಾಗ ಕೃಪೆ ಎಲ್ಲಿ ಮುಗಿದು ಕೂಲಿ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುವುದು ಕಷ್ಟ.

ಎಷ್ಟು ಜನ?

ಮತ್ತಾಯ 25ರಲ್ಲಿ ಕೊನೆಯ ದಿನ ಜನರನ್ನು ಕುರಿ ಆಡುಗಳಂತೆ ಬಲಕ್ಕೂ ಎಡಕ್ಕೂ ಬೇರ್ಪಡಿಸುವ ತೀರ್ಪಿನಲ್ಲಿ ಕೇಳುವುದು ಆರು ವಿಷಯ: ಹಸಿದವನಿಗೆ ಊಟ, ಬಾಯಾರಿದವನಿಗೆ ನೀರು, ಪರದೇಶಿಗೆ ಆಶ್ರಯ, ಬೆತ್ತಲೆ ಇದ್ದವನಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಯಲ್ಲಿದ್ದವನ ಭೇಟಿ. ನಂಬಿಕೆಯ ಪ್ರಶ್ನೆಪತ್ರಿಕೆ ಇಲ್ಲ. ರಕ್ಷಣೆ ಕೃಪೆಯಿಂದಲೇ ಎಂದು ಬಲವಾಗಿ ಹೇಳುವವರು ಈ ಅಧ್ಯಾಯವನ್ನು ಬೇಗ ಬೇಗ ದಾಟುತ್ತಾರೆ. ದಾಟಬೇಕಾಗಿಲ್ಲ. ಬಲಗಡೆ ನಿಂತವರು ಯಾವಾಗ ನಿನಗೆ ಊಟ ಕೊಟ್ಟೆವು ಎಂದು ಬೆರಗಾಗುತ್ತಾರೆ, ಅಂದರೆ ಪ್ರತಿಫಲಕ್ಕಾಗಿ ಬರೆದಿಟ್ಟುಕೊಂಡವರಲ್ಲ. ಎಡಗಡೆಯವರಿಗೂ ಅಷ್ಟೇ ಬೆರಗು.

ಇದನ್ನೆಲ್ಲ ಓದಿದ ಮೇಲೂ ಕೂಟಗಳಲ್ಲಿ ಕೈ ಎಣಿಸುವ ಚಾಳಿ ಬಿಡದು. ಎಣಿಸಬೇಕೆಂಬ ಆಸೆ ಹೊಸದಲ್ಲ. ಲೂಕ 13:23ರಲ್ಲಿ ಒಬ್ಬ ನೇರವಾಗಿ ಕೇಳಿಯೇಬಿಟ್ಟ: ಕರ್ತನೇ, ರಕ್ಷಣೆ ಹೊಂದುವವರು ಸ್ವಲ್ಪ ಜನವೋ? ಯೇಸು ಸಂಖ್ಯೆ ಕೊಡಲಿಲ್ಲ. ಇಕ್ಕಟ್ಟಾದ ಬಾಗಿಲಿನಲ್ಲಿ ಒಳಗೆ ಹೋಗಲು ನೀವು ಹೆಣಗಿರಿ ಎಂದ. ಒಬ್ಬ ಕೇಳಿದ್ದು ಬೇರೆಯವರ ಲೆಕ್ಕ, ಉತ್ತರ ಬಂದದ್ದು ಎಲ್ಲರ ಮುಖ ನೋಡಿ. ಮುಂದಿನ ವಚನಗಳಲ್ಲಿ ಬಾಗಿಲು ತಟ್ಟುತ್ತ ಹೊರಗೆ ನಿಂತವರು, ನಿನ್ನ ಮುಂದೆಯೇ ಉಂಡೆವು ಕುಡಿದೆವು, ನಮ್ಮ ಬೀದಿಗಳಲ್ಲೇ ನೀನು ಉಪದೇಶ ಮಾಡಿದೆ ಎಂದು ಗುರುತು ಹೇಳಿಕೊಳ್ಳುತ್ತಾರೆ. ಮೂಡಣ ಪಡುವಣ, ಬಡಗಣ ತೆಂಕಣದಿಂದ ಯಾರು ಯಾರೋ ಬಂದು ಊಟಕ್ಕೆ ಕೂರುವುದನ್ನು ಅವರು ಹೊರಗಿನಿಂದ ನೋಡುತ್ತಾರೆ.